ಬಾವಲಿಯ ಕಿವಿ: ಒಂದು ಪ್ರಶ್ನೆಯ ಇತಿಹಾಸ

ಆಲದ ಮರದಲ್ಲಿ ಜೋತುಬೀಳುವ ದೊಡ್ಡ ಬಾವಲಿಗಳು ಹಣ್ಣು ಹುಡುಕಲು ಕಣ್ಣು, ಮೂಗುಗಳನ್ನೇ ನೆಚ್ಚಿವೆ. ಆದರೆ ಹುಳ ಹಿಡಿಯುವ ಸಣ್ಣ ಬಾವಲಿಗಳಿಗೆ ಕಗ್ಗತ್ತಲಲ್ಲಿ ಬೇಟೆ ಹೇಗೆ ತಿಳಿಯುತ್ತದೆ?

1793ರಲ್ಲಿ ಇಟಲಿಯ ಸ್ಪಲ್ಲಂಜಾನಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರು ಕುರುಡಾಗಿಸಿ ಬಿಟ್ಟ ಬಾವಲಿಗಳನ್ನು ಮತ್ತೆ ಹಿಡಿದಾಗ ಹೊಟ್ಟೆ ತುಂಬ ಹುಳಗಳಿದ್ದವು! ಜಿನೀವಾದ ವೈದ್ಯ ಜೂರಿನ್ ಕಿವಿ ಮುಚ್ಚಿ ಬಿಟ್ಟಾಗ ಮಾತ್ರ ಅವು ಅಡ್ಡ ಸಿಕ್ಕಿದ್ದಕ್ಕೆಲ್ಲ ಡಿಕ್ಕಿ ಹೊಡೆದವು. ಆದರೆ ಸದ್ದಿಲ್ಲದೆ ಹಾರುವ ಪ್ರಾಣಿ ಕೇಳಿಸಿಕೊಳ್ಳುವುದಾದರೂ ಏನನ್ನು? ಫ್ರಾನ್ಸಿನ ಪ್ರಖ್ಯಾತ ವಿಜ್ಞಾನಿ ಕುವ್ಯೇ, ಅದು ಸ್ಪರ್ಶಜ್ಞಾನ ಎಂದರು. ಪ್ರಯೋಗಕ್ಕಿಂತ ದೊಡ್ಡವರ ಮಾತಿಗೇ ತೂಕ ಹೆಚ್ಚಾಯಿತು.

1938ರಲ್ಲಿ ಹಾರ್ವರ್ಡ್ ವಿದ್ಯಾರ್ಥಿ ಡೊನಾಲ್ಡ್ ಗ್ರಿಫಿನ್, ಕೀಟಗಳ ಸದ್ದನ್ನು ಅಭ್ಯಸಿಸುತ್ತಿದ್ದ ಭೌತವಿಜ್ಞಾನಿ ಪಿಯರ್ಸ್ ಅವರ ಯಂತ್ರದ ಮುಂದೆ ಬಾವಲಿಗಳನ್ನು ತಂದರು. ನಮ್ಮ ಕಿವಿಯ ಮಿತಿಯಾದ 20,000 ಹರ್ಟ್ಜ್ ಮೀರಿದ ಕೂಗುಗಳು ಪತ್ತೆಯಾದವು. ಆ ಕೂಗು ಹುಳಕ್ಕೆ ಬಡಿದು ಮರಳುವ ಪ್ರತಿಧ್ವನಿಯೇ ಬಾವಲಿಗೆ ದಾರಿದೀಪ. ಬೇಟೆ ಹತ್ತಿರವಾದಂತೆ ಕೂಗುಗಳು ಸೆಕೆಂಡಿಗೆ ಸುಮಾರು 200ರವರೆಗೂ ಏರುತ್ತವೆ. 1944ರಲ್ಲಿ ಗ್ರಿಫಿನ್ ಇದಕ್ಕೆ 'ಎಕೋಲೊಕೇಶನ್' ಎಂದು ಹೆಸರಿಟ್ಟರು.

ಸಾಫ್ಟ್‌ವೇರ್ ಇಂಜಿನಿಯರ್ ಆದ ನನಗೆ, ಬೇರೆ ಕೆಲಸಕ್ಕಿದ್ದ ಯಂತ್ರವನ್ನು ಹೊಸ ಪ್ರಶ್ನೆಗೆ ಹೂಡಿದ ಆ ವಿದ್ಯಾರ್ಥಿಯ ಧೈರ್ಯ ಬಹಳ ಇಷ್ಟ. ನಮ್ಮ ಶಾಲೆಯ ತಮ್ಮ ತಂಗಿಯರೇ, ಎಷ್ಟೇ ದೊಡ್ಡವರು ಹೇಳಿರಲಿ, ಒಮ್ಮೆ ನೀವೂ ಪ್ರಯೋಗ ಮಾಡಿ ನೋಡಿ.