ಕೈಗಾರಿಕಾ ಘಟಕಗಳ ನಡುವೆ ದತ್ತಾಂಶ ವಿನಿಮಯ: ಸಣ್ಣ ಉದ್ದಿಮೆದಾರರಿಗೆ ಮಾಹಿತಿ

ಪೀಠಿಕೆ

2007ರಲ್ಲಿ ರಾಮನಗರ ಜಿಲ್ಲೆಯಾಗಿ ರಚನೆಗೊಂಡು 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣಗೊಂಡ ಈ ಜಿಲ್ಲೆಯು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಮತ್ತು ಹಾರೋಹಳ್ಳಿ ತಾಲ್ಲೂಕುಗಳನ್ನು ಒಳಗೊಂಡಿದೆ. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯು 1999ರಲ್ಲಿ ವಾಹನ ತಯಾರಿಕೆಯನ್ನು ಆರಂಭಿಸಿದ ತರುವಾಯ ಬಿಡಿಭಾಗ ಪೂರೈಸುವ ಅನೇಕ ಘಟಕಗಳು ಅಲ್ಲಿ ನೆಲೆಗೊಂಡವು. ಇಂತಹ ಘಟಕಗಳು ಖರೀದಿದಾರ ಸಂಸ್ಥೆಗೆ ಬಿಡಿಭಾಗದೊಡನೆ ನಕ್ಷೆ, ಪರೀಕ್ಷಾ ವರದಿ, ಯಂತ್ರದ ದಾಖಲೆ ಮತ್ತು ವೆಚ್ಚದ ವಿವರಗಳನ್ನೂ ನೀಡಬೇಕಾಗುತ್ತದೆ. ದೋಷವುಳ್ಳ ಬಿಡಿಭಾಗವನ್ನು ಹಿಂದಕ್ಕೆ ಪಡೆಯಬಹುದು. ಒಮ್ಮೆ ಹೊರಹೋದ ಮಾಹಿತಿಯನ್ನು ಹಿಂದಕ್ಕೆ ಪಡೆಯುವುದು ದುಸ್ಸಾಧ್ಯ.

ದತ್ತಾಂಶ ಸಾರ್ವಭೌಮತ್ವ ಎಂದರೇನು?

ಮಾಹಿತಿಯನ್ನು ಹಂಚಿಕೊಂಡ ನಂತರವೂ ಅದನ್ನು ಯಾರು, ಯಾವ ಉದ್ದೇಶಕ್ಕೆ, ಎಷ್ಟು ಕಾಲ ಬಳಸಬಹುದೆಂದು ನಿರ್ಧರಿಸುವ ಅಧಿಕಾರವು ನೀಡಿದವರಲ್ಲಿಯೇ ಉಳಿಯುವುದನ್ನು ದತ್ತಾಂಶ ಸಾರ್ವಭೌಮತ್ವ ಎನ್ನುತ್ತಾರೆ. ಜರ್ಮನಿಯಲ್ಲಿ 2021ರಲ್ಲಿ ಸ್ಥಾಪನೆಗೊಂಡ ಕ್ಯಾಟೆನಾ-ಎಕ್ಸ್ ಎಂಬ ವಾಹನೋದ್ಯಮ ಜಾಲವು ಇದೇ ತತ್ತ್ವವನ್ನು ಅನುಸರಿಸುತ್ತದೆ. ಅಲ್ಲಿ ಮಾಹಿತಿಯು ಮಾಲೀಕರ ಬಳಿಯೇ ಇದ್ದು, ಬಳಕೆಯ ಷರತ್ತುಗಳನ್ನು ಒಪ್ಪಿದವರಿಗೆ ಮಾತ್ರ ನೇರವಾಗಿ ರವಾನೆಯಾಗುತ್ತದೆ.

ಕಾನೂನಿನ ರಕ್ಷಣೆ

1. ವ್ಯಾಪಾರ ರಹಸ್ಯಗಳಿಗೆ ಭಾರತದಲ್ಲಿ ಪ್ರತ್ಯೇಕ ಕಾಯ್ದೆ ಇರುವುದಿಲ್ಲ. ಈ ಕುರಿತು ಕಾನೂನು ಆಯೋಗವು 2024ರಲ್ಲಿ ತನ್ನ 289ನೇ ವರದಿಯನ್ನು ಸಲ್ಲಿಸಿದೆ. ಆದಕಾರಣ ಭಾರತೀಯ ಕರಾರು ಅಧಿನಿಯಮ, 1872ರ ಅಡಿಯಲ್ಲಿನ ಲಿಖಿತ ಕರಾರೇ ಮುಖ್ಯ ಆಧಾರವಾಗಿರುತ್ತದೆ.

2. ಅನುಮತಿಯಿಲ್ಲದೆ ಗಣಕಯಂತ್ರದಿಂದ ಮಾಹಿತಿಯನ್ನು ನಕಲು ಮಾಡುವುದಕ್ಕೆ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 43ನೇ ಪ್ರಕರಣದ ಮೇರೆಗೆ ಪರಿಹಾರ ಕೋರಬಹುದು. ವಂಚನೆಯ ಉದ್ದೇಶವಿದ್ದಲ್ಲಿ 66ನೇ ಪ್ರಕರಣದ ಮೇರೆಗೆ 3 ವರ್ಷಗಳವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೆ ತಾವೇ ಅನುಮತಿ ನೀಡಿ ಕೊಟ್ಟ ಮಾಹಿತಿಯು ದುರ್ಬಳಕೆಯಾದಾಗ ಕರಾರಿನ ಷರತ್ತುಗಳೇ ನಿರ್ಣಾಯಕವಾಗುತ್ತವೆ.

3. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ವ್ಯಕ್ತಿಗಳ ಮಾಹಿತಿಗೆ ಮಾತ್ರ ಸಂಬಂಧಿಸಿದ್ದು, ಯಂತ್ರ ಹಾಗೂ ಉತ್ಪಾದನೆಯ ಮಾಹಿತಿಗೆ ಅನ್ವಯಿಸುವುದಿಲ್ಲ.

4. ಚನ್ನಪಟ್ಟಣದ ಆಟಿಕೆಗಳಿಗೆ ದೊರೆತಿರುವ ಭೌಗೋಳಿಕ ಸೂಚಿಕೆಯು ಆ ಹೆಸರನ್ನು ರಕ್ಷಿಸುತ್ತದೆ. ಕುಶಲಕರ್ಮಿಯೊಬ್ಬರು ರೂಪಿಸಿದ ಹೊಸ ಆಕೃತಿಯನ್ನಲ್ಲ. ಅದಕ್ಕಾಗಿ ವಿನ್ಯಾಸಗಳ ಅಧಿನಿಯಮ, 2000ರ ಅಡಿಯಲ್ಲಿ ಪ್ರತ್ಯೇಕ ನೋಂದಣಿ ಅಗತ್ಯ. ವಿನ್ಯಾಸವನ್ನು ಬಹಿರಂಗಪಡಿಸುವ ಮೊದಲೇ ಅರ್ಜಿ ಸಲ್ಲಿಸತಕ್ಕದ್ದು. ನೋಂದಣಿಯ ಅವಧಿ 10 ವರ್ಷಗಳಾಗಿದ್ದು, ಮತ್ತೆ 5 ವರ್ಷಗಳಿಗೆ ವಿಸ್ತರಿಸಬಹುದು.

ಕರಾರಿನಲ್ಲಿ ಇರಬೇಕಾದ ಅಂಶಗಳು

* ಹಂಚಿಕೊಳ್ಳುವ ದಾಖಲೆಗಳ ಪಟ್ಟಿ ಹಾಗೂ ಅವುಗಳ ಮಾಲೀಕತ್ವ
* ಬಳಕೆಯ ಉದ್ದೇಶ ಮತ್ತು ಅವಧಿ
* ಲಿಖಿತ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ನೀಡಬಾರದೆಂಬ ಷರತ್ತು
* ಮಾಹಿತಿಯನ್ನು ಶೇಖರಿಸುವ ಸ್ಥಳ
* ವ್ಯವಹಾರ ಮುಗಿದ ನಂತರ ಹಿಂದಿರುಗಿಸುವ ಅಥವಾ ಅಳಿಸುವ ವಿಧಾನ
* ಉಲ್ಲಂಘನೆಗೆ ಪರಿಹಾರ ಮತ್ತು ವ್ಯಾಜ್ಯ ತೀರ್ಮಾನದ ಸ್ಥಳ

ಉದ್ದಿಮೆದಾರರಿಗೆ ಸೂಚನೆಗಳು

ಬೆಲೆಪಟ್ಟಿ ನೀಡುವ ಹಂತದಲ್ಲಿಯೇ ಪೂರ್ಣ ನಕ್ಷೆ ಅಥವಾ ತಯಾರಿಕಾ ವಿಧಾನವನ್ನು ಒದಗಿಸಬಾರದು. ಕರಾರಿಗೆ ಸಹಿಯಾದ ನಂತರ ಅಗತ್ಯವಿರುವಷ್ಟನ್ನು ಮಾತ್ರ ನೀಡುವುದು ಸೂಕ್ತ. ಪ್ರತಿ ದಾಖಲೆಯ ಮೇಲೆ 'ಗೋಪ್ಯ' ಎಂದು ನಮೂದಿಸಿ, ಯಾರಿಗೆ, ಯಾವ ದಿನಾಂಕದಂದು ನೀಡಲಾಯಿತೆಂಬುದನ್ನು ವಹಿಯಲ್ಲಿ ದಾಖಲಿಸತಕ್ಕದ್ದು. ವ್ಯಾಜ್ಯ ಉಂಟಾದಾಗ ಈ ವಹಿಯು ಪ್ರಮುಖ ಸಾಕ್ಷ್ಯವಾಗುತ್ತದೆ.

ದೂರು ಸಲ್ಲಿಸುವ ವಿಧಾನ

ಮಾಹಿತಿ ಕಳವಾದಲ್ಲಿ ಸೈಬರ್ ಅಪರಾಧ ಪೊಲೀಸ್ ಠಾಣೆಯಲ್ಲಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. 2022ರ ಏಪ್ರಿಲ್ 28ರ ನಿರ್ದೇಶನಗಳಂತೆ ಕಂಪನಿಗಳು ಇಂತಹ ಸೈಬರ್ ಘಟನೆಗಳನ್ನು ತಿಳಿದ 6 ಗಂಟೆಗಳೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡುವುದು ಹಾಗೂ ಗಣಕ ವ್ಯವಸ್ಥೆಯ ಲಾಗ್ ದಾಖಲೆಗಳನ್ನು 180 ದಿನಗಳ ಕಾಲ ಕಾಯ್ದಿರಿಸುವುದು ಕಡ್ಡಾಯ. ದೂರಿನೊಂದಿಗೆ ಕರಾರಿನ ಪ್ರತಿ, ವಹಿಯ ಪ್ರತಿ ಹಾಗೂ ಸಂಬಂಧಿಸಿದ ಪತ್ರವ್ಯವಹಾರವನ್ನು ಲಗತ್ತಿಸತಕ್ಕದ್ದು.