ಅವ್ವನ ಬಂಗಾರ, ಅಪ್ಪನ ಸಾಲ

ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಮಕ್ಕಳು ಹಟ ಹಿಡಿದರೆ ಹಿರಿಯರು ‘ನಿನ್ನ ಧಾರವಾಡಕ್ಕ ಕಳಸತೀನಿ ನೋಡು’ ಅನ್ನುತ್ತಿದ್ದರು. ಕಲಿಯಲಿಕ್ಕಲ್ಲ, ಅಲ್ಲಿಯ ಹುಚ್ಚಾಸ್ಪತ್ರೆಗೆ. ನಮ್ಮ ಕಾಕಾನ ತಲೆಯೊಳಗೆ ದನಿಗಳು ಕೇಳತೊಡಗಿದಾಗ ಅವನನ್ನು ಬೇರೆ ಊರಿನ ವೈದ್ಯರೊಬ್ಬರಿಗೆ ತೋರಿಸಿದರು. ದನಿಗಳು ನಿಂತವು. ಆದರೆ ಚಹದ ಬಸಿ ಹಿಡಿದರೆ ಕೈ ನಡುಗುತ್ತಿತ್ತು. ಆಯಿ ಕೇಳಿದಳು: ‘ತಲಿ ನೆಟ್ಟಗ ಮಾಡೂ ಗುಳಿಗಿ ಐತಿ, ಕೈ ನಡಗಿಸದಂಥಾದ್ದು ಯಾಕ ಯಾರೂ ಮಾಡವಲ್ಲರು?’

ಆ ಗುಳಿಗೆಯ ಹೆಸರು ಹ್ಯಾಲೊಪೆರಿಡಾಲ್. ಕೈ ನಡುಗುವುದು ಅದರ ಗೊತ್ತಿರುವ ಅಡ್ಡಪರಿಣಾಮ. 1958ರಲ್ಲಿ ಅದನ್ನು ಕಂಡುಹಿಡಿದದ್ದು ಬೆಲ್ಜಿಯಂನ ಪಾಲ್ ಯಾನ್ಸನ್ ಅವರ ಪ್ರಯೋಗಾಲಯ. ಆತ 1953ರಲ್ಲಿ ಅಪ್ಪನಿಂದ 50,000 ಫ್ರಾಂಕ್ ಸಾಲ ಪಡೆದು ಕೆಲಸ ಶುರುಮಾಡಿದವ. 1961ರಲ್ಲಿ ಆ ಕಂಪನಿಯನ್ನು ಜಾನ್ಸನ್ ಅಂಡ್ ಜಾನ್ಸನ್ ಕೊಂಡುಕೊಂಡಿತು.

ನಮ್ಮ ದೇಶದ ಕಥೆ ಇದಕ್ಕಿಂತ ಹಳೆಯದು. ಸರ್ಪಗಂಧದ ಬೇರನ್ನು ಉನ್ಮಾದಕ್ಕೆ ಕೊಡುವುದು ನಾಡವೈದ್ಯರಿಗೆ ಗೊತ್ತಿದ್ದ ಸಂಗತಿ. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದು ಉದ್ರಿಕ್ತ ರೋಗಿಗಳನ್ನು ಶಾಂತಗೊಳಿಸುತ್ತದೆ, ರಕ್ತದ ಒತ್ತಡವನ್ನೂ ಇಳಿಸುತ್ತದೆ ಎಂದು ಬರೆದರು. ಅದೇ ಹೊತ್ತಿಗೆ ಡೆಹ್ರಾಡೂನಿನಲ್ಲಿ ಎಂ. ಮನಾಲ್ ಎಂಬ ಯುವಕ ಇದೇ ಬೇರಿನ ಬೆನ್ನು ಹತ್ತಿದ್ದ. ಅವ್ವನ ಒಡವೆ ಒತ್ತೆಯಿಟ್ಟು ಕೈಯಿಂದ ತಿರುಗಿಸುವ ಗುಳಿಗೆ ಯಂತ್ರ ಕೊಂಡನೆಂದು ಕಂಪನಿಯವರೇ ಹೇಳಿಕೊಳ್ಳುತ್ತಾರೆ. 1934ರಲ್ಲಿ ‘ಸರ್ಪಿನಾ’ ಬಂತು. ಆ ಕಂಪನಿಯೇ ಹಿಮಾಲಯ. 1975ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿತು.

ಆದರೆ ಬೇರಿನೊಳಗಿನ ಮುಖ್ಯ ಸತ್ವವನ್ನು ಬೇರ್ಪಡಿಸಲು ಒತ್ತೆಯಿಟ್ಟ ಬಂಗಾರ ಸಾಲದು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ರಿಸರ್ಪಿನ್ ಬೇರ್ಪಡಿಸಿತು. 1954ರಲ್ಲಿ ನ್ಯೂಯಾರ್ಕ್ ರಾಜ್ಯದ ನೇಥನ್ ಕ್ಲೈನ್ ಅದನ್ನು ಮಾನಸಿಕ ರೋಗಿಗಳಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. 1957ರ ಲಾಸ್ಕರ್ ಪ್ರಶಸ್ತಿ ಕ್ಲೈನ್‌ಗೂ ಬಂತು, ರಕ್ತದೊತ್ತಡಕ್ಕೆ ಸರ್ಪಗಂಧ ಬಳಸಿ 1949ರಲ್ಲಿ ಬರೆದಿದ್ದ ಮುಂಬಯಿಯ ರುಸ್ತುಂ ಜಾಲ್ ವಕೀಲರಿಗೂ ಬಂತು. ಬೇರು ನಮ್ಮದು, ಅನುಭವ ನಮ್ಮದು, ಸಣ್ಣ ಕಾರ್ಖಾನೆಯೂ ನಮ್ಮದು; ನಡುವಿನ ಹತ್ತಿಪ್ಪತ್ತು ವರ್ಷದ ಪ್ರಯೋಗದ ಖರ್ಚು ಹೊರುವವರು ಮಾತ್ರ ಇರಲಿಲ್ಲ.

ಆ ಖರ್ಚಿಗೆ ಸರಕಾರ ಕೈ ಹಾಕಬೇಕೆಂಬುದು ತೀರ ಈಚಿನ ವಿಚಾರ. ಸಂಶೋಧನೆಗೆಂದು ದೊಡ್ಡ ಮೊತ್ತ ಹಂಚುವ ಇಲಾಖೆಗಳು ಸಣ್ಣ ಉದ್ದಿಮೆಗಳಿಗೊಂದು ಪಾಲು ತೆಗೆದಿಡಬೇಕೆಂದು ಅಮೆರಿಕ 1982ರಲ್ಲಿ ಕಾಯ್ದೆ ಮಾಡಿತು. ಅಲ್ಲಿಯ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯೂ ಈ ಹಣ ಕೊಡುತ್ತದೆ. ನಮ್ಮ ಜೈವಿಕ ತಂತ್ರಜ್ಞಾನ ಇಲಾಖೆ ಅದೇ ಬಗೆಯ ‘ಎಸ್‌ಬಿಐಆರ್‌ಐ’ ಯೋಜನೆ ತಂದದ್ದು 2005ರಲ್ಲಿ. ‘ಬೈರಾಕ್’ ಹುಟ್ಟಿದ್ದು 2012ರಲ್ಲಿ. ಬೈರಾಕ್‌ನ ಮೊದಲ ಹಂತದ ಅನುದಾನ ಹದಿನೆಂಟು ತಿಂಗಳಿಗೆ 50 ಲಕ್ಷ ರೂಪಾಯಿವರೆಗೆ. ಬೆಂಗಳೂರಿನ ಸಿ-ಕ್ಯಾಂಪ್ ಮೂಲಕವೂ ಅದು ಸಿಗುತ್ತದೆ. ನಾನು ಇದನ್ನು ಹಗುರವಾಗಿ ನೋಡುವುದಿಲ್ಲ: ಮಿದುಳಿನ ಔಷಧಿಗಳಲ್ಲಿ ಬಹುಪಾಲು ನಡುದಾರಿಯಲ್ಲೇ ಸೋಲುತ್ತವೆ, ಸೋಲುವ ಕೆಲಸಕ್ಕೆ ಯಾವ ಬ್ಯಾಂಕೂ ಸಾಲ ಕೊಡದು. ಆದರೆ ಒಂದು ಔಷಧಿ ಅಂಗಡಿಗೆ ಬರಲು ಹತ್ತು ವರ್ಷದ ಮೇಲೆ ಬೇಕು. ಹದಿನೆಂಟು ತಿಂಗಳಲ್ಲಿ ಬಿತ್ತನೆಯಷ್ಟೇ ಮುಗಿದೀತು.

ನಿಪ್ಪಾಣಿಯ ತಂಬಾಕಿಗೆ, ರಾಯಬಾಗದ ಕಬ್ಬಿಗೆ, ಅಥಣಿಯ ಚಪ್ಪಲಿಗೆ ಸಾಲ ಕೇಳುವುದು ನಮಗೆ ಗೊತ್ತು. ಬೆಳಗಾವಿಯಲ್ಲಿ 2006ರಿಂದ ಐಸಿಎಂಆರ್‌ನ ಸಂಶೋಧನಾ ಸಂಸ್ಥೆಯೊಂದಿದೆ, ಈಗ ಅದರ ವಿಷಯ ಪಾರಂಪರಿಕ ವೈದ್ಯವೇ. ಗಿಡ ಬಲ್ಲ ಕಾಗವಾಡದ ಹುಡುಗನೊಬ್ಬ ಅಲ್ಲಿಂದ ಅನುದಾನದ ಅರ್ಜಿಯ ತನಕ ಹೋಗುವ ದಾರಿಯನ್ನು ಅವನಿಗೆ ಯಾರಾದರೂ ತೋರಿಸಬೇಕು.

ಕಾಕಾ ಈಗಲೂ ಅದೇ ಗುಳಿಗೆ ನುಂಗುತ್ತಾನೆ, ನಡುಕಕ್ಕೆ ಇನ್ನೊಂದು. ಚಹ ಮಾತ್ರ ಸ್ಟೀಲ್ ಲೋಟದಲ್ಲಿ, ಅರ್ಧ ತುಂಬಿಸಿ ಕೊಡುತ್ತೇವೆ.