ದಸ್ತಗಿರಿಯ ಪುಟ, ತೀರ್ಪಿನ ಪುಟ

ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳೊಬ್ಬರ ಮಗಳಿಗೆ ಒಳ್ಳೆಯದೊಂದು ಸಂಬಂಧ ಬಂದಿತ್ತು. ವರನ ಹೆಸರಿನಲ್ಲಿ ದಸ್ತಗಿರಿಯ ದಾಖಲೆ ಇದೆಯೆಂದು ಯಾರೋ ಅವರ ಕಿವಿಗೆ ಹಾಕಿದರು. ಮಾತುಕತೆ ಅಲ್ಲಿಗೇ ನಿಂತಿತು. ತರುವಾಯ ನಾನು ಅವರೊಡನೆ ಕೌಂಟಿ ನ್ಯಾಯಾಲಯದ ಕಚೇರಿಗೆ ಹೋಗಿ ಕಡತವನ್ನು ತೆಗೆಸಿ ನೋಡಿದಾಗ, ಮೊಕದ್ದಮೆ ವಜಾ ಆಗಿದ್ದುದು ತಿಳಿಯಿತು. ಆದರೆ ಕಾಲ ಮಿಂಚಿತ್ತು. ದಸ್ತಗಿರಿಯ ಪುಟವನ್ನು ನೋಡಿದವರು ತೀರ್ಪಿನ ಪುಟವನ್ನು ತಿರುವಿರಲಿಲ್ಲ.

ಬಿ.ಎ. ತರಗತಿಯಲ್ಲಿ ನಮ್ಮ ಗುರುಗಳು, ಶಾಸನವು ಅದನ್ನು ಕೆತ್ತಿಸಿದವನ ಮಾತನ್ನಷ್ಟೇ ಆಡುತ್ತದೆಂದು ಎಚ್ಚರಿಸುತ್ತಿದ್ದರು. ದಸ್ತಗಿರಿಯ ದಾಖಲೆಯೂ ಅಂತಹುದೇ. ಅಮೆರಿಕದಲ್ಲಿ ನ್ಯಾಯಾಲಯದ ಕಡತಗಳು ಸಾಮಾನ್ಯವಾಗಿ ಸಾರ್ವಜನಿಕರಿಗೆ ಮುಕ್ತ. ಆದರೆ ಒಂದೇ ಘಟನೆಯ ಕಾಗದಗಳು ಒಂದೆಡೆ ಇರುವುದಿಲ್ಲ. ಬಂಧನದ ವಿವರ ನಗರದ ಪೊಲೀಸರಲ್ಲೋ ಕೌಂಟಿಯ ಶೆರೀಫರಲ್ಲೋ ಇದ್ದರೆ, ವಿಚಾರಣೆ ಮತ್ತು ತೀರ್ಪು ನ್ಯಾಯಾಲಯದ ಗುಮಾಸ್ತರಲ್ಲಿರುತ್ತವೆ. ಹಳೆಯವು ಪತ್ರಾಗಾರ ಸೇರುತ್ತವೆ. ಬಾಲಾಪರಾಧಿಗಳವು ಬಹುಮಟ್ಟಿಗೆ ಮುಚ್ಚಿರುತ್ತವೆ. ಅಲಬಾಮಾದ ಮಾಂಟ್‌ಗೊಮೆರಿ ಕೌಂಟಿಯ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನ.

ಬಸ್ಸಿನಲ್ಲಿ ಬಿಳಿಯರಿಗೆ ಆಸನ ಬಿಟ್ಟುಕೊಡದ ರೋಸಾ ಪಾರ್ಕ್ಸ್ ಅವರನ್ನು 1955ರ ಡಿಸೆಂಬರ್ 1ರಂದು ಬಂಧಿಸಲಾಯಿತು. ನಾಲ್ಕು ದಿನಗಳ ಬಳಿಕ ನಗರದ ನ್ಯಾಯಾಲಯ ಅವರಿಗೆ 10 ಡಾಲರ್ ದಂಡವನ್ನೂ 4 ಡಾಲರ್ ವೆಚ್ಚವನ್ನೂ ವಿಧಿಸಿತು. ಅಂದಿನ ಪೊಲೀಸ್ ವರದಿ ಮತ್ತು ಬೆರಳಚ್ಚಿನ ಹಾಳೆ ಇಂದು ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಬಸ್ಸುಗಳಲ್ಲಿನ ವರ್ಣಭೇದವನ್ನು ಪ್ರಶ್ನಿಸಿದ ಬ್ರೌಡರ್ ಮತ್ತು ಗೇಲ್ ಮೊಕದ್ದಮೆಯ ಕಡತದಲ್ಲಿ ಅವು ಉಳಿದುಬಂದವು. ಅದೇ ಮೊಕದ್ದಮೆಯ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ 1956ರ ನವೆಂಬರ್ 13ರಂದು ಎತ್ತಿಹಿಡಿದು ಆ ಕಾನೂನನ್ನೇ ಕೊನೆಗಾಣಿಸಿತು.

ಪಾರ್ಕ್ಸ್ ಬೆರಳಚ್ಚು ಕೊಡುತ್ತಿರುವ ಪ್ರಸಿದ್ಧ ಭಾವಚಿತ್ರ ಆ ಡಿಸೆಂಬರಿನದೆಂದೇ ಅನೇಕರು ನಂಬಿದ್ದಾರೆ. ಅದು 1956ರ ಫೆಬ್ರವರಿಯದು. ಬಸ್ ಬಹಿಷ್ಕಾರವನ್ನು ಮುರಿಯಲು 1921ರ ಕಾನೂನೊಂದನ್ನು ಬಳಸಿ ಎಂಬತ್ತಕ್ಕೂ ಹೆಚ್ಚು ಮಂದಿಯ ಮೇಲೆ ಆರೋಪ ಹೊರಿಸಲಾಯಿತು. ಅವರಲ್ಲಿ ಅನೇಕರು ಒಳ್ಳೆಯ ಉಡುಪು ಧರಿಸಿ ತಾವಾಗಿಯೇ ಶೆರೀಫರ ಕಚೇರಿಗೆ ನಡೆದರು. ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆಗೆ ಹೋದವರ ಕಥೆ ಕೇಳಿ ಬೆಳೆದ ನಮಗೆ ಈ ದೃಶ್ಯ ಅಪರಿಚಿತವಲ್ಲ. ಆಗ ತೆಗೆದ ಚಿತ್ರಗಳಲ್ಲಿ ಪಾರ್ಕ್ಸ್ ಅವರ ಸಂಖ್ಯೆ 7053, ಮಾರ್ಟಿನ್ ಲೂಥರ್ ಕಿಂಗ್ ಅವರದು 7089. ಇವು ಬೆಳಕಿಗೆ ಬಂದದ್ದು 2004ರಲ್ಲಿ, ಶೆರೀಫರ ಹಳೆಯ ಸಾಮಗ್ರಿಗಳ ನಡುವೆ. ಕಿಂಗರ ಚಿತ್ರದ ಮೇಲೆ, ಸತ್ತನೆಂಬ ಒಂದು ಮಾತನ್ನೂ ಹತ್ಯೆಯಾದ ದಿನಾಂಕವನ್ನೂ ಯಾರದೋ ಕೈ ಗೀಚಿತ್ತು.

ಪಾರ್ಕ್ಸ್ ಅವರಿಗೂ ಒಂಬತ್ತು ತಿಂಗಳು ಮೊದಲೇ, 1955ರ ಮಾರ್ಚ್ 2ರಂದು, ಹದಿನೈದರ ಬಾಲೆ ಕ್ಲಾಡೆಟ್ ಕಾಲ್ವಿನ್ ಹಾಗೆಯೇ ಆಸನ ಬಿಡದೆ ಬಂಧಿತಳಾಗಿದ್ದಳು. ಮೇಲ್ಮನವಿಯ ನಂತರವೂ ಪೊಲೀಸನ ಮೇಲೆ ಕೈಮಾಡಿದಳೆಂಬ ಆರೋಪವೊಂದು ಉಳಿದುಕೊಂಡಿತು. ಬ್ರೌಡರ್ ಮೊಕದ್ದಮೆಯ ವಾದಿಗಳಲ್ಲಿ ಒಬ್ಬಳಾಗಿ ಗೆದ್ದರೂ ಆ ಕಳಂಕ ಅಳಿಯಲಿಲ್ಲ. ಕಡೆಗೆ 2021ರಲ್ಲಿ, ತಮ್ಮ 82ನೆಯ ವಯಸ್ಸಿನಲ್ಲಿ, ಅವರು ಅರ್ಜಿ ಸಲ್ಲಿಸಿದರು. ನ್ಯಾಯಾಧೀಶರು ದಾಖಲೆಯನ್ನು ಅಳಿಸಿಹಾಕಲು ಆದೇಶವಿತ್ತರು.

ಇತಿಹಾಸಪ್ರಿಯಳಾದ ನನಗೆ ಒಂದು ಹಾಳೆ ಇಲ್ಲವಾಗುವುದೆಂದರೆ ಸಂಕಟ. ಆದರೆ ಆ ಹಾಳೆಯ ಭಾರವನ್ನು ಅರವತ್ತಾರು ವರ್ಷ ಹೊತ್ತವರು ಅವರು, ನಾನಲ್ಲ. ದಾಖಲೆಯನ್ನು ಕಾಪಾಡುವುದು ಒಂದು ಧರ್ಮವಾದರೆ, ಮನುಷ್ಯನನ್ನು ಕಾಪಾಡುವುದು ಅದಕ್ಕಿಂತ ಹಿರಿದು.

ಆದುದರಿಂದ, ಮಾನ್ಯ ಬಂಧುಗಳೇ, ನಿಮ್ಮ ಕೌಂಟಿಯ ದಾಖಲೆಗಳನ್ನು ಅವಶ್ಯವಾಗಿ ನೋಡಿರಿ. ಆದರೆ ಕಡತವನ್ನು ಕೊನೆಯ ಪುಟದವರೆಗೂ ಓದಿರಿ. ನಮ್ಮ ಬಂಧುಗಳು ಆ ಹುಡುಗನ ತಂದೆತಾಯಿಯರ ಬಳಿಗೆ ಹೋಗಿ ಕ್ಷಮೆ ಬೇಡಿದರು. ಅವರು ಕಾಫಿ ಕೊಟ್ಟು ಉಪಚರಿಸಿದರಂತೆ. ಆ ವಿಷಯವನ್ನು ಮಾತ್ರ ಎತ್ತಲಿಲ್ಲವಂತೆ.